ದಪ್ಪ ಸುರುಳಿಯ ನೀರಿನ ಲೆಕ್ಕ

ಜಪಾನಿನಲ್ಲಿ ಮಾರುವ ನೊರಿ ಹಾಳೆಗೆ ಗೊತ್ತಾದ ಒಂದು ಅಳತೆಯಿದೆ: ಉದ್ದ 21 ಸೆಂ.ಮೀ., ಅಗಲ 19 ಸೆಂ.ಮೀ. ತೂಕ ಸುಮಾರು 3 ಗ್ರಾಂ. ಕಡಲಪಾಚಿಯನ್ನು ಕೊಚ್ಚಿ, ತೆಳ್ಳಗೆ ಹರಡಿ ಒಣಗಿಸಿದ ಕಪ್ಪು ಹಾಳೆ ಇದು. ಇದನ್ನು ಅರ್ಧಕ್ಕೆ ಕತ್ತರಿಸಿ, ಅನ್ನ ಹರಡಿ, ಒಂದೇ ಬಗೆಯ ಹೂರಣವಿಟ್ಟು ಸುತ್ತಿದರೆ ಬೆರಳಿಗಿಂತ ತುಸು ದಪ್ಪದ ಹೊಸೊಮಾಕಿ. ಇಡೀ ಹಾಳೆಯನ್ನೇ ಹಾಸಿ, ಐದಾರು ಬಗೆಯ ಹೂರಣವಿಟ್ಟು ಸುತ್ತಿದರೆ ಕೈತುಂಬುವ ಫುತೊಮಾಕಿ. ಜಪಾನಿ ಭಾಷೆಯಲ್ಲಿ ಫುತೊ ಎಂದರೆ ದಪ್ಪ, ಮಾಕಿ ಎಂದರೆ ಸುತ್ತಿದ್ದು. 21 ಸೆಂ.ಮೀ.ನಲ್ಲಿ ಅಂಚಿನ ಮೇಲೆ ಅಂಚು ಕೂರಲು ಎರಡೂವರೆ ಬಿಟ್ಟು, ಉಳಿದ ಹದಿನೆಂಟೂವರೆಯನ್ನು 3.14ರಿಂದ ಭಾಗಿಸಿ ನೋಡಿ. ಆರಕ್ಕೆ ಕೂದಲೆಳೆಯಷ್ಟು ಕಡಿಮೆ ಬರುತ್ತದೆ. ಫುತೊಮಾಕಿಯ ಅಡ್ಡಳತೆ ಸಾಮಾನ್ಯವಾಗಿ 5ರಿಂದ 6 ಸೆಂ.ಮೀ. ಇರುವುದರ ಗುಟ್ಟು ಹಾಳೆಯಲ್ಲೇ ಇದೆ.

ಈ ಲೆಕ್ಕವನ್ನು ಇನ್ನೂ ಸ್ವಲ್ಪ ಎಳೆಯಬಹುದು. ಹಾಳೆಯ ಮೇಲೆ ಅನ್ನ ಹೆಚ್ಚುಕಡಿಮೆ ಒಂದು ಸೆಂ.ಮೀ. ದಪ್ಪಕ್ಕೆ ಬರುತ್ತದೆ. ಸುತ್ತಿದ ಮೇಲೆ ಆ ಕಡೆ ಒಂದು, ಈ ಕಡೆ ಒಂದು ಅನ್ನಕ್ಕೇ ಹೋದರೆ ನಡುವೆ ಉಳಿಯುವುದು ನಾಲ್ಕು ಸೆಂ.ಮೀ. ಹೆಬ್ಬೆರಳು, ತೋರುಬೆರಳು ಸೇರಿಸಿ ಬಳೆ ಮಾಡಿದರೆ ಅದರೊಳಗೆ ಎಷ್ಟು ಹಿಡಿಸುತ್ತದೋ ಅಷ್ಟೇ ಹೂರಣ. ಮೊದಲ ಸಲ ಮಾಡುವವರು ಎಡವುವುದು ಇಲ್ಲೇ. ನಾನಂತೂ ಮಸಾಲೆದೋಸೆಗೆ ಪಲ್ಯ ಇಡುವ ಧಾರಾಳದಲ್ಲಿ ಎಲ್ಲವನ್ನೂ ಪೇರಿಸಿ, ಅಂಚಿಗೆ ಅಂಚು ಮುಟ್ಟದೆ, ಬಾಯಿ ಬಿಟ್ಟುಕೊಂಡು ಬಿದ್ದ ಸುರುಳಿಯನ್ನು ಬಟ್ಟಲಿಗೆ ಸುರಿದು ಚಮಚದಲ್ಲಿ ತಿಂದಿದ್ದೆ. ರುಚಿಗೇನೂ ಮೋಸವಿರಲಿಲ್ಲ. ಹಾಗೆ ಅನ್ನದ ಮೇಲೆ ಹೂರಣ ಹರಡಿ ಬಡಿಸುವುದಕ್ಕೂ ಜಪಾನೀಯರು ಚಿರಾಶಿ ಎಂದು ಹೆಸರಿಟ್ಟಿದ್ದಾರೆ ಎಂದು ತಿಳಿದ ಮೇಲೆ ನಾಚಿಕೆಯೂ ಹೋಯಿತು.

ಸುಶಿ ಅಂದ ಕೂಡಲೇ ನಮ್ಮವರ ಕಣ್ಣಿಗೆ ಕಟ್ಟುವುದು ಹಸಿ ಮೀನು. ಆದರೆ ಹಳೆಯ ಬಗೆಯ ಫುತೊಮಾಕಿಯಲ್ಲಿ ಹಸಿ ಮೀನು ಹುಡುಕಿದರೂ ಸಿಗುವುದಿಲ್ಲ. ಒಣಗಿಸಿದ ಸೋರೆಕಾಯಿ, ಒಣ ಅಣಬೆ, ಸಿಹಿ ಆಮ್ಲೆಟ್ಟು, ಬೇಯಿಸಿ ಹಿಂಡಿದ ಸೊಪ್ಪು, ಸೌತೆಕಾಯಿ, ಗುಲಾಬಿ ಬಣ್ಣದ ಮೀನಿನ ಪುಡಿ, ಒಮ್ಮೊಮ್ಮೆ ಬೇಯಿಸಿದ ಸಿಗಡಿ ಅಥವಾ ಸುಟ್ಟ ಹಾವುಮೀನು. ಅನ್ನದುಂಡೆಯ ಮೇಲೆ ಮೀನಿನ ಹೋಳು ಕೂರಿಸುವ ನಿಗಿರಿ ಅಂಗಡಿಯ ಕಸುಬಾದರೆ, ಇದು ಮನೆಯ ಅಡುಗೆ. ಮಾರ್ಚ್ 3ರ ಹೆಣ್ಣುಮಕ್ಕಳ ಹಬ್ಬಕ್ಕೆ, ಶಾಲೆಯ ಆಟೋಟದ ದಿನಕ್ಕೆ, ಚೆರಿ ಹೂ ನೋಡಲು ಹೊರಟಾಗ ಬುತ್ತಿಗೆ ಇದೇ. ನಾವು ಪ್ರವಾಸಕ್ಕೆ ಪುಳಿಯೋಗರೆ ಕಟ್ಟಿಕೊಳ್ಳುವುದರ ಹಿಂದಿರುವ ಬುದ್ಧಿಯೇ ಅಲ್ಲಿಯೂ ಕೆಲಸ ಮಾಡಿದೆ: ಹುಳಿ ಸೇರಿದ ಅನ್ನ ಬೇಗ ಹಳಸುವುದಿಲ್ಲ.

ಬುತ್ತಿಯ ಮಾತು ಬಂದಾಗ ಸುಕೆರೊಕು ಎಂಬ ಡಬ್ಬಿಯನ್ನು ಹೇಳದಿರಲಾಗದು. ಕರಿದು, ಸಿಹಿಯಾಗಿ ಬೇಯಿಸಿದ ತೋಫು ಚೀಲದೊಳಗೆ ಅನ್ನ ತುಂಬಿದ ಇನಾರಿ, ಅದರ ಪಕ್ಕದಲ್ಲಿ ಸುರುಳಿ ಸುಶಿ, ಇವೆರಡೂ ಜೊತೆಯಾಗಿರುವ ಡಬ್ಬಿ. ಕರಿದ ತೋಫುವಿಗೆ ‘ಅಗೆ’, ಸುರುಳಿಗೆ ‘ಮಾಕಿ’. ಸೇರಿಸಿ ಓದಿದರೆ ‘ಅಗೆಮಾಕಿ’. ಸುಕೆರೊಕು ಎಂಬ ಹೆಸರಾಂತ ಕಬುಕಿ ನಾಟಕದಲ್ಲಿ ನಾಯಕನ ಪ್ರೇಯಸಿಯ ಹೆಸರು ಅದೇ. ನಾಯಕಿ ಡಬ್ಬಿಯೊಳಗೆ ಕುಳಿತಳು, ಡಬ್ಬಿಗೆ ನಾಯಕನ ಹೆಸರು ಬಿತ್ತು.

ಇನ್ನು ಮಾಡುವ ಬಗೆ. ಹಾಳೆಯಿಂದ ಹಿಡಿದು ಒಳಗಿನ ಹೂರಣದವರೆಗೆ ಇಲ್ಲಿ ನಡೆಯುವುದೆಲ್ಲ ನೀರಿನ ವ್ಯವಹಾರ. ಯಾವುದರಿಂದ ಎಷ್ಟು ನೀರು ತೆಗೆಯಬೇಕು, ಯಾವುದಕ್ಕೆ ಮರಳಿ ಕುಡಿಸಬೇಕು, ಯಾವ ಹೊತ್ತಿಗೆ ಬಿಡಬೇಕು. ಅಷ್ಟು ಗೊತ್ತಾದರೆ ಸುತ್ತುವ ಕೈಚಳಕ ಎರಡು ಮೂರು ಸುರುಳಿಗೇ ಬಂದುಬಿಡುತ್ತದೆ.

ನೊರಿಯಿಂದಲೇ ಶುರು ಮಾಡೋಣ. ಎದೊ ಕಾಲದಲ್ಲಿ, ಈಗಿನ ತೋಕಿಯೊದ ಅಸಾಕುಸಾ ಆಸುಪಾಸಿನ ಜನ ಕಾಗದ ತಯಾರಿಸುವ ರೀತಿಯಲ್ಲೇ ಕಡಲಪಾಚಿಯನ್ನೂ ಚೌಕಟ್ಟಿಗೆ ಸುರಿದು ಹಾಳೆ ಮಾಡಲು ಕಲಿತರು. 18ನೇ ಶತಮಾನದ ಅಡುಗೆ ಪುಸ್ತಕಗಳಲ್ಲಿ ಸುರುಳಿ ಸುಶಿ ಕಾಣಿಸಿಕೊಳ್ಳುತ್ತದೆ. ಆದರೆ ಆ ಪಾಚಿ ಬೆಳೆಯುವ ಬಗೆ ಇಪ್ಪತ್ತನೇ ಶತಮಾನದ ನಡುಭಾಗದವರೆಗೂ ಯಾರಿಗೂ ಅರ್ಥವಾಗಿರಲಿಲ್ಲ. ಚಳಿಗಾಲದಲ್ಲಿ ಬಲೆ, ಕೋಲುಗಳ ಮೇಲೆ ತಾನಾಗಿ ಹುಟ್ಟುತ್ತಿತ್ತು. ಬೇಸಿಗೆಯಲ್ಲಿ ಎಲ್ಲಿಗೆ ಹೋಗುತ್ತದೋ ತಿಳಿಯದು. ಒಂದು ವರ್ಷ ಬಂದರೆ ಬಂತು, ಇಲ್ಲವಾದರೆ ಇಲ್ಲ. ಅದೃಷ್ಟದ ಹುಲ್ಲು ಎಂದು ಕರೆಯುತ್ತಿದ್ದರಂತೆ. ಕಗ್ಗಂಟು ಬಿಡಿಸಿದ್ದು ಜಪಾನನ್ನು ಒಮ್ಮೆಯೂ ಕಾಣದ ಇಂಗ್ಲೆಂಡಿನ ಸಸ್ಯವಿಜ್ಞಾನಿ ಕ್ಯಾಥ್ಲೀನ್ ಡ್ರೂ ಬೇಕರ್. ಮದುವೆಯಾದ ಹೆಂಗಸರಿಗೆ ಅಧ್ಯಾಪಕಿಯ ಕೆಲಸವಿಲ್ಲ ಎಂಬ ನಿಯಮದಿಂದ ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯದ ನೌಕರಿ ಕಳೆದುಕೊಂಡರೂ ಅಲ್ಲೇ ಸಂಶೋಧನೆ ಮುಂದುವರಿಸಿದವರು. ಚಿಪ್ಪುಗಳ ಒಳಗೆ ಕೆಂಪು ಎಳೆಗಳಾಗಿ ಬದುಕುವ, ಬೇರೆಯೇ ಜೀವಿಯೆಂದು ಎಲ್ಲರೂ ತಿಳಿದಿದ್ದ ಪಾಚಿ ಇದರದೇ ಇನ್ನೊಂದು ರೂಪ ಎಂದು 1949ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬರೆದರು. ಬೇಸಿಗೆಯಲ್ಲಿ ನೊರಿ ಅಡಗಿ ಕೂರುತ್ತಿದ್ದದ್ದು ಚಿಪ್ಪಿನೊಳಗೆ. ಕೆಲವೇ ವರ್ಷಗಳಲ್ಲಿ ಜಪಾನಿನ ವಿಜ್ಞಾನಿಗಳು ಚಿಪ್ಪುಗಳಲ್ಲಿ ಬೀಜಕಣ ಬೆಳೆಸಿ ಬಲೆಗೆ ಬಿತ್ತುವುದನ್ನು ಸಾಧಿಸಿದರು. ಈಗ ನೊರಿಗೆ ಹೆಸರಾದ ಅರಿಯಾಕೆ ಕೊಲ್ಲಿಯ ದಂಡೆಯಲ್ಲಿ, ಕುಮಾಮೊತೊ ಪ್ರಾಂತ್ಯದ ಉತೊ ಊರಿನಲ್ಲಿ ಡ್ರೂ ಅವರ ಸ್ಮಾರಕವಿದೆ. ಪ್ರತಿ ಏಪ್ರಿಲ್ 14ರಂದು ಅಲ್ಲಿ ಅವರನ್ನು ನೆನೆಯುತ್ತಾರೆ.

ಹಾಳೆಗೆ ಎರಡು ಮುಖ. ಒಂದು ನುಣುಪು, ಹೊಳಪು, ಇನ್ನೊಂದು ಒರಟು. ಹೊಳಪಿನ ಮುಖ ಹೊರಗೆ, ಒರಟು ಮುಖ ಅನ್ನಕ್ಕೆ. ಸುಡದ ಹಾಳೆ ನೇರಳೆಗಪ್ಪು ಬಣ್ಣದ್ದು. ಬೆಂಕಿಗೆ ಹಿಡಿದರೆ ಕೆಂಪು ವರ್ಣಕ ಕೆಟ್ಟು ಹರಿತ್ತು ಉಳಿದುಕೊಳ್ಳುವುದರಿಂದ ಹಸಿರಿಗೆ ತಿರುಗುತ್ತದೆ. ನಮ್ಮ ಊರುಗಳಲ್ಲಿ ಪೊಟ್ಟಣದಲ್ಲಿ ಸಿಗುವುದು ಸಾಮಾನ್ಯವಾಗಿ ಸುಟ್ಟದ್ದೇ. ಪೊಟ್ಟಣ ಒಡೆದ ಗಳಿಗೆಯಿಂದ ಅದು ಗಾಳಿಯ ತೇವ ಹೀರಲು ಶುರು ಮಾಡುತ್ತದೆ. ಮಳೆಗಾಲದ ಮಂಗಳೂರಿನಲ್ಲಿ ಹಪ್ಪಳದ ಗತಿಯೇ ಇದಕ್ಕೂ. ಹಾಗಾಗಿ ಬೇಕಾದ ಹಾಳೆ ತೆಗೆದುಕೊಂಡು ಉಳಿದದ್ದನ್ನು ತಕ್ಷಣ ಬಿಗಿಡಬ್ಬಿಗೆ ಹಾಕಿ. ಅಂದಹಾಗೆ, ಫುತೊಮಾಕಿಯಲ್ಲಿ ಕೊನೆಗೆ ನೊರಿ ಗರಿಗರಿಯಾಗಿ ಉಳಿಯಬೇಕೆಂದೇನಿಲ್ಲ. ಕೈಯಲ್ಲೇ ಸುತ್ತಿ ಒಡನೆ ತಿನ್ನುವ ತೆಮಾಕಿಗೆ ಗರಿಗರಿ ಬೇಕು. ಇಲ್ಲಿ ಅನ್ನದ ತೇವ ಕುಡಿದು ಹಾಳೆ ಮೆತ್ತಗಾಗಿ ಅಂಟಿಕೊಂಡರೇನೇ ಸುರುಳಿ ನಿಲ್ಲುತ್ತದೆ.

ಅನ್ನದ ವಿಷಯಕ್ಕೆ ಬಂದರೆ ನಮ್ಮ ಅಭಿರುಚಿಯನ್ನು ತಲೆಕೆಳಗು ಮಾಡಿಕೊಳ್ಳಬೇಕು. ಅಗುಳಿಗೆ ಅಗುಳು ಅಂಟದೆ ಉದುರುದುರಾಗಿದ್ದರೆ ನಾವು ಭೇಷ್ ಅನ್ನುತ್ತೇವೆ. ಸುಶಿಗೆ ಅಗುಳು ಒಡೆಯದೆ, ಆದರೆ ಒಂದಕ್ಕೊಂದು ಕೈಹಿಡಿದು ನಿಲ್ಲಬೇಕು. ಗಿಡ್ಡಕಾಳಿನ ಜಪೋನಿಕ ಅಕ್ಕಿಯಲ್ಲಿ ಅಮೈಲೋಸ್ ಎಂಬ ಪಿಷ್ಟ ಕಡಿಮೆ, ಅಂಟು ಕೊಡುವ ಅಮೈಲೊಪೆಕ್ಟಿನ್ ಹೆಚ್ಚು. ಸೋನಾ ಮಸೂರಿಯಲ್ಲಿ ಅಮೈಲೋಸ್ ಹೆಚ್ಚಿರುವುದರಿಂದ ಆರಿದಂತೆ ಅಗುಳು ಬಿಗಿದುಕೊಂಡು ಬಿಡಿಬಿಡಿಯಾಗುತ್ತದೆ. ನೀರು ಜಾಸ್ತಿ ಹಾಕಿ ಮೆತ್ತಗೆ ಬೇಯಿಸಿದರೆ ಅಂಟುತ್ತದೇನೋ ನಿಜ. ಆದರೆ ಅದು ಮೊಸರನ್ನದ ಹದ, ಸುತ್ತಿದರೆ ಹಾಳೆ ಹರಿಯುತ್ತದೆ. ಇಡ್ಲಿ ಅಕ್ಕಿ ನೋಡಲು ಗಿಡ್ಡವಾದರೂ ಕುಸುಬಲು, ಬೇಡ. ಮೋಚಿ ಎಂಬ ಜಪಾನಿ ಅಕ್ಕಿಮುದ್ದೆ ಮಾಡುವ ಅಂಟಕ್ಕಿಯೂ ಬೇಡ. ಅದರಲ್ಲಿ ಅಮೈಲೋಸ್ ಇಲ್ಲವೆನ್ನುವಷ್ಟು ಕಡಿಮೆ, ಬೆಂದರೆ ಒಂದೇ ಮುದ್ದೆ. ಸುಶಿ ಅಕ್ಕಿ ಎಂದೇ ಬರೆದಿರುವ ಪೊಟ್ಟಣ ಬೆಂಗಳೂರಿನ ದೊಡ್ಡ ಅಂಗಡಿಗಳಲ್ಲಿ ಸಿಗುತ್ತದೆ. ಈ ಒಂದು ಸಾಮಾನಿಗೆ ಮಾತ್ರ ಜುಗ್ಗತನ ಮಾಡಬೇಡಿ.

ಜಪಾನೀಯರು ಅಕ್ಕಿ ಅಳೆಯುವುದು ‘ಗೊ’ ಎಂಬ ಅಳತೆಯಲ್ಲಿ. ಒಂದು ಗೊ ಎಂದರೆ 180 ಮಿ.ಲೀ., ತೂಕದಲ್ಲಿ 150 ಗ್ರಾಂ. ಎರಡು ಗೊ ಅಕ್ಕಿಗೆ ಎರಡು ದಪ್ಪ ಸುರುಳಿಯಾಗಿ, ಮೇಲೆ ಮಕ್ಕಳ ಕೈಗೆ ಇಡಲು ಒಂದಿಷ್ಟು ಉಳಿಯುತ್ತದೆ. ತೊಳೆದ ನೀರು ತಿಳಿಯಾಗುವವರೆಗೆ ತೊಳೆದು, ಅರ್ಧ ಗಂಟೆ ನೆನೆಸಿ, ಅಕ್ಕಿಯಷ್ಟೇ ಅಳತೆಯ ನೀರಿಟ್ಟು ಬೇಯಿಸಿ. ಮಾಮೂಲು ಅನ್ನಕ್ಕಿಂತ ನೀರು ತುಸು ಕಡಿಮೆ, ಏಕೆಂದರೆ ಆಮೇಲೆ ವಿನೆಗರ್ ಸೇರುವುದಿದೆ. 60 ಮಿ.ಲೀ. ಅಕ್ಕಿ ವಿನೆಗರಿಗೆ ಎರಡು ದೊಡ್ಡ ಚಮಚ ಸಕ್ಕರೆ, ಒಂದು ಸಣ್ಣ ಚಮಚ ಉಪ್ಪು ಕರಗಿಸಿ ಇಟ್ಟುಕೊಳ್ಳಿ. ಓಸಾಕಾ ಕಡೆಯವರು ಸಕ್ಕರೆ ಇನ್ನಷ್ಟು ಹಾಕುತ್ತಾರೆ. ಅಕ್ಕಿ ವಿನೆಗರ್ ಸಿಗದಿದ್ದರೆ ಸೇಬಿನ ವಿನೆಗರ್ ಆದೀತು. ಗೋಬಿ ಮಂಚೂರಿಗೆ ಸುರಿಯುವ ಬಿಳಿ ವಿನೆಗರ್ ಮೂಗಿಗೆ ಹೊಡೆಯುತ್ತದೆ.

ಅನ್ನ ಸುಡುಸುಡುವಾಗಿರುವಾಗಲೇ ಇದನ್ನು ಸುರಿಯಬೇಕು. ತಣ್ಣಗಾದ ಅಗುಳು ಹುಳಿ ಹೀರುವುದಿಲ್ಲ, ಹುಳಿನೀರು ತಳದಲ್ಲಿ ನಿಲ್ಲುತ್ತದೆ. ಜಪಾನಿನಲ್ಲಿ ಇದಕ್ಕೆಂದೇ ಹಂಗಿರಿ ಎಂಬ ಅಗಲ ಬಾಯಿಯ ಮರದ ತೊಟ್ಟಿ ಇರುತ್ತದೆ. ಹೆಚ್ಚಾದ ತೇವವನ್ನು ಮರ ಹೀರಿಕೊಳ್ಳುತ್ತದೆ. ನಮ್ಮಲ್ಲಿ ಅಗಲವಾದ ಪರಾತ ಸಾಕು. ಮರದ ಸಟ್ಟುಗವನ್ನು ಓರೆಯಾಗಿ ಹಿಡಿದು, ಅನ್ನವನ್ನು ಸೀಳುವ ಹಾಗೆ ಎಳೆದು ಮಗುಚಬೇಕು. ಕಲಸಿದರೆ ಅಗುಳು ಒಡೆದು ಗಂಜಿಯಾಗುತ್ತದೆ. ಹುಳಿ ಹಿಡಿದ ಮೇಲೆ ಬೀಸಣಿಗೆಯಿಂದ ಗಾಳಿ ಹಾಕುತ್ತಾರೆ. ಮೇಲ್ಮೈಯ ನೀರು ಹಾರಿ ಅಗುಳಿಗೆ ಹೊಳಪು ಬರುತ್ತದೆ. ಕೈಗೆ ಮೈಯಷ್ಟೇ ಬೆಚ್ಚಗೆ ಅನ್ನಿಸುವ ಹೊತ್ತಿಗೆ ನಿಲ್ಲಿಸಿ, ಒದ್ದೆ ಬಟ್ಟೆ ಮುಚ್ಚಿಡಿ. ಬಿಸಿ ಅನ್ನ ಇಟ್ಟರೆ ಹಬೆಗೆ ನೊರಿ ಮುದುಡುತ್ತದೆ, ತೀರಾ ತಣ್ಣಗಾದರೆ ಹರಡಲು ಬಾರದು.

ಈಗ ಸೋರೆಕಾಯಿ. ಫುತೊಮಾಕಿಯಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದ ಭಾಗ ಇದು. ಕಂಪ್ಯೊ ಎಂಬ, ತಿಳಿಕಂದು ಬಣ್ಣದ, ಚರ್ಮದ ಪಟ್ಟಿಯಂತೆ ಕಾಣುವ ಹೂರಣವನ್ನು ಮೊದಲು ಕಂಡಾಗ ಯಾವುದೋ ಕಡಲ ಪದಾರ್ಥ ಅಂದುಕೊಂಡಿದ್ದೆ. ನೋಡಿದರೆ ನಮ್ಮ ಹುಳಿ, ಪಲ್ಯ, ಹಲ್ವದ ಸೋರೆಕಾಯಿಯೇ. ತಂಬೂರಿಗೆ ಬುರುಡೆ ಕೊಡುವ ಜಾತಿಯೂ ಇದೇ. ಜಪಾನಿನಲ್ಲಿ ಇದರ ಹೆಸರು ಯೂಗಾವೊ, ಸಂಜೆಯ ಮೊಗ ಎಂದರ್ಥ. ಹಿತ್ತಿಲ ಚಪ್ಪರದಲ್ಲಿ ಸೋರೆಹೂ ಬಿಳಿಯಾಗಿ ಅರಳುವ ಹೊತ್ತನ್ನು ಕಂಡವರಿಗೆ ಆ ಹೆಸರನ್ನು ವಿವರಿಸಬೇಕಿಲ್ಲ. ಸಾವಿರ ವರ್ಷ ಹಳೆಯ ‘ಗೆಂಜಿ’ ಕಥನದಲ್ಲಿ ಆ ಹೂವಿನ ಹೆಸರಿನ ಒಬ್ಬಳು ಹೆಣ್ಣೇ ಇದ್ದಾಳೆ.

ತೋಕಿಯೊದ ಉತ್ತರಕ್ಕಿರುವ ತೊಚಿಗಿ ಪ್ರಾಂತ್ಯ ಕಂಪ್ಯೊದ ತವರು. ಜಪಾನಿನಲ್ಲಿ ತಯಾರಾಗುವುದರಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಪಾಲು ಅಲ್ಲಿಯದು. ಮೂಲತಃ ಅದು ಅಲ್ಲಿಯದಲ್ಲ. 1712ರಲ್ಲಿ ಪಶ್ಚಿಮದ ಮಿನಾಕುಚಿಯ ದೊರೆಗೆ ತೊಚಿಗಿಯ ಮಿಬುವಿಗೆ ವರ್ಗವಾದಾಗ, ಆತ ಊರಿನ ಬೀಜವನ್ನೂ ತರಿಸಿಕೊಂಡನೆಂದು ಹೇಳುತ್ತಾರೆ. ಹಳೆಯ ಊರಿನ ನೆನಪು ಹಿರೊಶಿಗೆಯ ತೊಕೈದೊ ಹೆದ್ದಾರಿಯ ಚಿತ್ರಮಾಲೆಯಲ್ಲಿ ಉಳಿದಿದೆ: ಮಿನಾಕುಚಿಯ ಚಿತ್ರದಲ್ಲಿ ಹೆಂಗಸರು ಸೋರೆಕಾಯಿ ಹೆರೆದು ಹಗ್ಗಕ್ಕೆ ನೇತುಹಾಕುತ್ತಿದ್ದಾರೆ. ಅಲ್ಲಿಯ ಕಾಯಿ ನಮ್ಮ ನೀಳ ಸೋರೆಯಂತಲ್ಲ, ಕುಂಬಳದಂತೆ ದುಂಡಗೆ, ಆರೇಳು ಕೆ.ಜಿ. ತೂಗುತ್ತದೆ. ಬೇಸಿಗೆಯಲ್ಲಿ ಇನ್ನೂ ಬೆಳಕು ಹರಿಯುವ ಮೊದಲೇ ಕಾಯಿಯನ್ನು ಯಂತ್ರಕ್ಕೆ ಸಿಕ್ಕಿಸಿ ತಿರುಗಿಸುತ್ತಾ, ಮೂರು ಸೆಂ.ಮೀ. ಅಗಲದ, ಎರಡು ಮೀಟರಿನಷ್ಟು ಉದ್ದದ ಪಟ್ಟಿಗಳಾಗಿ ಹೆರೆದು ಒಣಹಾಕುತ್ತಾರೆ. ನೀರೇ ತುಂಬಿರುವ ತರಕಾರಿಯಿಂದ ನೀರನ್ನೆಲ್ಲ ತೆಗೆದು ರಿಬ್ಬನ್ ಮಾಡುವ ಕೆಲಸ. ಇಷ್ಟಾದರೂ ಇಂದು ಜಪಾನೀಯರು ತಿನ್ನುವ ಕಂಪ್ಯೊದಲ್ಲಿ ಹೆಚ್ಚಿನದು ಚೀನಾದಿಂದ ಬರುತ್ತದೆ.

ಒಣಪಟ್ಟಿಗೆ ನೀರು ಮರಳಿ ಕುಡಿಸುವುದು ನಮ್ಮ ಕೆಲಸ. 25 ಗ್ರಾಂ ಪಟ್ಟಿಯನ್ನು ಒದ್ದೆ ಮಾಡಿ, ಒಂದು ಚಮಚ ಉಪ್ಪು ಹಾಕಿ ಬಟ್ಟೆ ಒಗೆಯುವ ಹಾಗೆ ಚೆನ್ನಾಗಿ ತಿಕ್ಕಿ, ತೊಳೆಯಿರಿ. ಉಪ್ಪು ತಿಕ್ಕಿದರೆ ನಾರು ಸಡಿಲಗೊಂಡು ನೀರು ಬೇಗ ಇಳಿಯುತ್ತದೆ. ಹುಳು ಹಿಡಿಯದಿರಲೆಂದು ಗಂಧಕದ ಹೊಗೆ ಕೊಟ್ಟ ಪಟ್ಟಿಯಾದರೆ ಆ ವಾಸನೆಯೂ ಹೋಗುತ್ತದೆ. ಆಮೇಲೆ ಹತ್ತು ನಿಮಿಷ ಕುದಿಸಿ, ಉಗುರು ಒತ್ತಿದರೆ ಗುರುತು ಬೀಳಬೇಕು. ನೀರು ಬಸಿದು, ಒಂದು ಲೋಟ ದಾಶಿ ಸಾರು, ಎರಡೆರಡು ದೊಡ್ಡ ಚಮಚ ಸಕ್ಕರೆ ಮತ್ತು ಸೋಯಾ ಸಾಸ್, ಒಂದು ಚಮಚ ಮಿರಿನ್ ಎಂಬ ಸಿಹಿ ಅಕ್ಕಿಮದ್ಯ ಹಾಕಿ, ಸಾರು ಇಂಗುವವರೆಗೆ ಸಣ್ಣ ಉರಿಯಲ್ಲಿ ಬಿಡಿ. ಇಲ್ಲಿ ಆತುರಪಟ್ಟರೆ ಶಿಕ್ಷೆ ತಿನ್ನುವಾಗ ಸಿಗುತ್ತದೆ. ಅರೆಬೆಂದ ಕಂಪ್ಯೊ ಹಲ್ಲಿಗೆ ತುಂಡಾಗದೆ, ಕಚ್ಚಿ ಎಳೆದಾಗ ದಾರದಂತೆ ಇಡೀ ಪಟ್ಟಿಯೇ ಹೊರಬರುತ್ತದೆ.

ಸಸ್ಯಾಹಾರಿಗಳಿಗೆ ಒಂದು ಮಾತು. ದಾಶಿಯನ್ನು ಸಾಮಾನ್ಯವಾಗಿ ಒಣಗಿಸಿದ ಬೊನಿಟೊ ಮೀನಿನಿಂದ ಮಾಡುತ್ತಾರೆ. ಹೊರಗೆ ತಿನ್ನುವಾಗ ಕಂಪ್ಯೊ ಸುರುಳಿ ತರಕಾರಿಯದೇ ಎಂದು ನಂಬಿ ಕೈಹಾಕಬೇಡಿ, ಕೇಳಿ ತಿಳಿಯಿರಿ. ಮನೆಯಲ್ಲಿ ಕೊಂಬು ಎಂಬ ಕಡಲಪಾಚಿಯ ತುಂಡು ಮತ್ತು ಒಣ ಶಿಟಾಕೆ ಅಣಬೆ ನೆನೆಸಿದ ನೀರಿನಿಂದಲೇ ಸೊಗಸಾದ ಸಾರು ಆಗುತ್ತದೆ. ಅಣಬೆಯನ್ನು ಬಿಸಿನೀರಿಗೆ ಹಾಕಬೇಡಿ, ತಣ್ಣೀರಿನಲ್ಲಿ ರಾತ್ರಿಯಿಡೀ ಫ್ರಿಜ್ಜಿನಲ್ಲಿಟ್ಟರೆ ರುಚಿ ಹೆಚ್ಚು. ನೆನೆದ ಅಣಬೆಯನ್ನೂ ಕಂಪ್ಯೊದ ಪಾತ್ರೆಗೇ ಹಾಕಿ ಬೇಯಿಸಿ, ಸೀಳಿಕೊಳ್ಳಬಹುದು. ಮೊಟ್ಟೆ ಬೇಡವಾದರೆ ಕೋಯಾ ತೋಫು ಇದೆ. ಹೆಪ್ಪುಗಟ್ಟಿಸಿ, ಕರಗಿಸಿ, ಒಣಗಿಸಿದ ತೋಫು. ಕೋಯಾ ಬೆಟ್ಟದ ಬೌದ್ಧ ಮಠಗಳ ಜೊತೆ ಬೆಸೆದುಕೊಂಡ ಹೆಸರು. ಸ್ಪಂಜಿನಂತೆ ಸಾರು ಹೀರಿಕೊಳ್ಳುವ ಇದನ್ನು ಓಸಾಕಾ ಸೀಮೆಯಲ್ಲಿ ಮೊಟ್ಟೆಯ ಜೊತೆಗೂ ಇಡುತ್ತಾರೆ. ಕಂಪ್ಯೊವೇ ಸಿಗದಿದ್ದರೆ ನಮ್ಮ ಸೋರೆಕಾಯಿಯ ತಿರುಳನ್ನು ಪಟ್ಟಿ ಹೆರೆದು, ಸಂಡಿಗೆ ಒಣಹಾಕುವ ಬಿಸಿಲಿಗೆ ಹಾಕಿ ನೋಡಬಹುದು. ತಿರುಳು ತೆಳ್ಳಗಿರುವುದರಿಂದ ಪಟ್ಟಿ ಕಾಗದದಂತಾಗುತ್ತದೆ, ಅರ್ಧ ಹೊತ್ತಿನಲ್ಲೇ ಬೇಯುತ್ತದೆ. ಹೆರೆಯುವ ಮುಂಚೆ ಚೂರು ಬಾಯಿಗೆ ಹಾಕಿ ನೋಡಿ, ಕಹಿಯಿದ್ದರೆ ಉಗುಳಿ ಇಡೀ ಕಾಯಿ ಎಸೆಯಿರಿ. ಕಹಿಸೋರೆ ವಿಷ.

ಉಳಿದ ಹೂರಣಗಳಿಗೆ ಹೆಚ್ಚು ವಿವರಣೆ ಬೇಡ. ಮೊಟ್ಟೆಗೆ ಸಕ್ಕರೆ, ಸ್ವಲ್ಪ ಸಾರು ಹಾಕಿ ಪದರ ಪದರವಾಗಿ ಮಡಚಿ ಬೇಯಿಸಿ, ಬೆರಳು ದಪ್ಪದ ಕೋಲುಗಳಾಗಿ ಕತ್ತರಿಸಿ. ಸೌತೆಕಾಯಿಯನ್ನು ಉದ್ದಕ್ಕೆ ಸೀಳಿ ಬೀಜದ ಲೋಳೆ ತೆಗೆದು, ಉಪ್ಪು ಸವರಿ, ಒರೆಸಿ. ಪಾಲಕ್ ಸೊಪ್ಪನ್ನು ಕುದಿನೀರಿಗೆ ಅದ್ದಿ ತೆಗೆದು, ಇನ್ನು ಒಂದು ಹನಿ ಬಾರದು ಎನ್ನುವಷ್ಟು ಹಿಂಡಿ, ಆಮೇಲೆ ಇನ್ನೊಮ್ಮೆ ಹಿಂಡಿ. ಎಲ್ಲವೂ ಪೂರ್ತಿ ಆರಿರಲಿ. ಕಂಪ್ಯೊ, ಅಣಬೆಗಳನ್ನೂ ಅಂಗೈಯಲ್ಲಿ ಲಘುವಾಗಿ ಒತ್ತಿ ಸಾರು ತೆಗೆಯಿರಿ. ಒಂದೇ ಒಂದು ಹೂರಣ ತೊಟ್ಟಿಕ್ಕುತ್ತಿದ್ದರೂ ಅನ್ನ ನೆನೆದು, ಹಾಳೆ ಒದ್ದೆಯಾಗಿ, ಕತ್ತಿ ತಾಗಿದಲ್ಲೇ ಬಿರಿಯುತ್ತದೆ.

ಸುತ್ತಲು ಬೇಕಾದ ಬಿದಿರ ಚಾಪೆಗೆ ಮಾಕಿಸು ಎನ್ನುತ್ತಾರೆ. ಅದರ ಕಡ್ಡಿಗಳ ಒಂದು ಮಗ್ಗುಲು ಚಪ್ಪಟೆ, ನುಣುಪು, ಇನ್ನೊಂದು ದುಂಡಗೆ. ನುಣುಪು ಮಗ್ಗುಲು ಮೇಲೆ ಬರಲಿ, ದಾರದ ಗಂಟುಗಳು ನಿಮ್ಮಿಂದ ಆಚೆ ಇರಲಿ. ನೊರಿಯ ಹೊಳಪು ಮುಖ ಕೆಳಗೆ ಮಾಡಿ, ಉದ್ದದ ಬದಿ ನಿಮ್ಮಿಂದ ಆಚೆಗೆ ಚಾಚುವಂತೆ ಇಡಿ. ಪಕ್ಕದಲ್ಲಿ ವಿನೆಗರ್ ಬೆರೆಸಿದ ಒಂದು ಬಟ್ಟಲು ನೀರು. ಬೆರಳು ಅದ್ದಿ, ಅಂಗೈಗೆ ಸವರಿ, ಕೊಡವಿ. ಕೈಯಿಂದ ನೀರು ಇಳಿಯಬಾರದು. 250 ಗ್ರಾಂ ಅನ್ನವನ್ನು ಅದುಮದೆ, ಬೆರಳ ತುದಿಯಿಂದ ಸರಿಸುತ್ತಾ ಹರಡಿ. ಆಚೆ ಅಂಚಿನಲ್ಲಿ ಎರಡೂವರೆ ಸೆಂ.ಮೀ. ಖಾಲಿ ಬಿಟ್ಟು, ಅನ್ನ ಮುಗಿಯುವಲ್ಲಿ ಸಣ್ಣ ದಿಂಡು ಎಬ್ಬಿಸಿ. ಗದ್ದೆಗೆ ಬದು ಹಾಕಿದ ಹಾಗೆ. ಜಪಾನೀಯರೂ ಅದನ್ನು ದೊತೆ, ಎಂದರೆ ಒಡ್ಡು, ಎಂದೇ ಕರೆಯುತ್ತಾರೆ. ಗದ್ದೆ ಮಾಡುವವರ ಕಣ್ಣಿಗೆ ಎಲ್ಲೆಲ್ಲೂ ಗದ್ದೆಯೇ ಕಾಣುತ್ತದೇನೋ. ಹೂರಣ ಜಾರದಂತೆ ತಡೆಯುವುದು ಆ ಬದುವಿನ ಕೆಲಸ.

ಹೂರಣವನ್ನು ನಟ್ಟನಡುವೆ ಇಡದೆ ಒಂದಿಷ್ಟು ನಿಮ್ಮ ಕಡೆಗೇ ಇಡಿ. ಚಪ್ಪಟೆಯಾದ ಕಂಪ್ಯೊ ತಳಕ್ಕೆ, ಅದರ ಮೇಲೆ ಮೊಟ್ಟೆ ಒಂದು ಗೋಡೆ, ಸೌತೆ ಇನ್ನೊಂದು ಗೋಡೆ, ನಡುವಿನ ಕಣಿವೆಯಲ್ಲಿ ಅಣಬೆ, ಮೀನಿನ ಪುಡಿಯಂಥ ಉದುರುವ ಸಾಮಾನು. ಸೊಪ್ಪು ಎಲ್ಲಿ ಸಂದು ಕಂಡರೆ ಅಲ್ಲಿಗೆ. ಇನ್ನು ಎರಡೂ ಹೆಬ್ಬೆರಳು ಚಾಪೆಯ ಕೆಳಗೆ, ಉಳಿದ ಎಂಟು ಬೆರಳು ಹೂರಣದ ಮೇಲೆ. ಚಾಪೆಯನ್ನು ಎತ್ತಿ, ಹೂರಣದ ಮೇಲಿಂದ ಒಂದೇ ಉಸಿರಿಗೆ ದಾಟಿಸಿ, ಈಚೆಯ ಅನ್ನದ ಅಂಚನ್ನು ಆಚೆಯ ಅನ್ನದ ಅಂಚಿಗೆ ತಂದು ಕೂರಿಸಿ. ಅನ್ನಕ್ಕೆ ಅನ್ನ ಮುಟ್ಟಬೇಕು. ಇಡೀ ವಿದ್ಯೆ ಈ ಒಂದು ಕ್ಷಣದಲ್ಲಿದೆ. ಚಾಪೆ ಸುತ್ತುವ ಹಾಗೆ ಸ್ವಲ್ಪ ಸ್ವಲ್ಪವೇ ಉರುಳಿಸಿದರೆ ಹಾಳೆ ಒಳಕ್ಕೆ ಸಿಕ್ಕಿಕೊಂಡು, ಕತ್ತರಿಸಿದಾಗ ವೃತ್ತದ ಬದಲು ಶಂಖ ಕಾಣುತ್ತದೆ. ಮುಟ್ಟಿದ ಮೇಲೆ ಚಾಪೆಯ ಮೇಲಿಂದ ಒಮ್ಮೆ ಬಿಗಿದು ನಿಮ್ಮ ಕಡೆಗೆ ಎಳೆದುಕೊಳ್ಳಿ, ಚಾಪೆಯ ತುದಿಯನ್ನು ಬಿಡಿಸಿ ಮುಂದಕ್ಕೆ ಉರುಳಿಸಿ, ಖಾಲಿ ಬಿಟ್ಟ ಅಂಚಿನ ಮೇಲೆ ಸುರುಳಿ ಕೂರಲಿ. ಬಿಗಿಯುವ ಬಲ ಎಷ್ಟಿರಬೇಕು? ಮಗುವಿನ ಕೈಹಿಡಿದು ರಸ್ತೆ ದಾಟಿಸುವಷ್ಟು.

ಸೇರುಗಡೆಯನ್ನು ಅಡಿಗೆ ಮಾಡಿ ಐದು ನಿಮಿಷ ಬಿಟ್ಟರೆ ಹಾಳೆ ತೇವ ಕುಡಿದು ತಾನೇ ಅಂಟಿಕೊಳ್ಳುತ್ತದೆ. ಕತ್ತಿ ಹರಿತವಾಗಿರಲಿ. ಒದ್ದೆ ಬಟ್ಟೆಯಿಂದ ಒರೆಸಿ, ಅದುಮದೆ, ಎಳೆದು ಕೊಯ್ಯಿರಿ; ಪ್ರತಿ ಕೊಯ್ತಕ್ಕೂ ಮತ್ತೆ ಒರೆಸಿ. ಮೊದಲು ಸರಿಯಾಗಿ ಎರಡು ಭಾಗ, ಒಂದೊಂದು ಭಾಗಕ್ಕೆ ನಾಲ್ಕು. 19 ಸೆಂ.ಮೀ. ಸುರುಳಿಯಲ್ಲಿ ಎಂಟು ತುಂಡು. ಹೂರಣಕ್ಕೆ ಉಪ್ಪು, ಸಿಹಿ ಆಗಲೇ ಇರುವುದರಿಂದ ಸೋಯಾ ಸಾಸಿನಲ್ಲಿ ಮುಳುಗಿಸಿ ತಿನ್ನಬೇಕಾಗಿಲ್ಲ.

ಕತ್ತರಿಸದೇ ತಿನ್ನುವ ದಿನವೂ ಒಂದಿದೆ. ಹಳೆಯ ಪಂಚಾಂಗದ ವಸಂತಾರಂಭದ ಹಿಂದಿನ ದಿನ ಸೆತ್ಸುಬುನ್, ಸಾಮಾನ್ಯವಾಗಿ ಫೆಬ್ರವರಿ 3. ಹುರಿದ ಸೋಯಾಕಾಳು ಎರಚಿ ಭೂತ ಓಡಿಸುವ ಹಬ್ಬ. ಅಂದು ಆ ವರ್ಷದ ಶುಭದಿಕ್ಕಿಗೆ ಮುಖ ಮಾಡಿ ನಿಂತು, ಇಡೀ ಸುರುಳಿಯನ್ನು ತುಟಿಪಿಟಕ್ಕೆನ್ನದೆ ತಿಂದು ಮುಗಿಸಬೇಕು. ಇದಕ್ಕೆ ಎಹೊಮಾಕಿ ಎಂದು ಹೆಸರು. ಕತ್ತರಿಸಿದರೆ ಭಾಗ್ಯದ ನಂಟೂ ಕತ್ತರಿಸುತ್ತದಂತೆ. ಏಳು ಭಾಗ್ಯದೇವತೆಗಳ ಲೆಕ್ಕಕ್ಕೆ ಹೂರಣವೂ ಏಳು. ದಿಕ್ಕು ವರ್ಷವರ್ಷವೂ ಬದಲಾಗುತ್ತದೆ, ಆದರೆ ಒಟ್ಟು ಇರುವುದು ನಾಲ್ಕೇ. 2025ರಲ್ಲಿ ಪಶ್ಚಿಮ-ನೈಋತ್ಯ, 2026ರಲ್ಲಿ ದಕ್ಷಿಣ-ಆಗ್ನೇಯ. ಬಹಳ ಹಳೆಯ ಸಂಪ್ರದಾಯವೆಂದು ಕಂಡರೂ ದೇಶವಿಡೀ ಹಬ್ಬಿದ್ದು ಮೊನ್ನೆ ಮೊನ್ನೆ. ಓಸಾಕಾ ಸೀಮೆಯ ಈ ರೂಢಿಯನ್ನು ಸುಶಿ, ನೊರಿ ವ್ಯಾಪಾರಿಗಳು ಪ್ರಚಾರ ಮಾಡಿ ಬೆಳೆಸಿದರು. 1989ರಲ್ಲಿ ಹಿರೊಶಿಮಾದ ಸೆವೆನ್ ಇಲೆವೆನ್ ಅಂಗಡಿಗಳು ಮಾರಲು ತೊಡಗಿದವು, 1998ಕ್ಕೆ ದೇಶದುದ್ದಗಲಕ್ಕೂ ಅದೇ ಸರಪಳಿ ಹೊತ್ತೊಯ್ದಿತು. ಅಕ್ಷಯ ತೃತೀಯದ ಚಿನ್ನದ ಜಾಹೀರಾತು ಕಂಡ ನಮಗೆ ಇದೇನು ಹೊಸದಲ್ಲ. ಸಂಜೆಗೆ ಮಾರಾಟವಾಗದೆ ಉಳಿದ ಸುರುಳಿಗಳು ಕಸಕ್ಕೆ ಹೋಗುವುದು ಎಷ್ಟು ಹೆಚ್ಚಿತೆಂದರೆ, ಬೇಡಿಕೆ ನೋಡಿಕೊಂಡು ಮಾಡಿ ಎಂದು 2019ರಲ್ಲಿ ಕೃಷಿ ಸಚಿವಾಲಯವೇ ವರ್ತಕರನ್ನು ಕೇಳಿಕೊಳ್ಳಬೇಕಾಯಿತು.

ನನ್ನ ಮನಸ್ಸು ಮಾತ್ರ ಚಿಬಾ ಪ್ರಾಂತ್ಯದ ಹಳ್ಳಿಯವರ ಕಡೆ. ಅವರ ಫುತೊಮಾಕಿ ಮತ್ಸುರಿಜುಶಿ ಎಂಬ ಹಬ್ಬದ ಸುರುಳಿಯನ್ನು ಕೊಯ್ದರೆ ಒಳಗೆ ಹೂವು, ಚಿಟ್ಟೆ ಮೂಡಿರುತ್ತವೆ. ಗುಲಾಬಿ ಅನ್ನದ ಐದು ಸಣ್ಣ ಸುರುಳಿ ಮಾಡಿಕೊಂಡು, ನಡುವೆ ಮೊಟ್ಟೆಯ ಕೋಲಿಟ್ಟು, ಅವೆಲ್ಲವನ್ನೂ ಬಿಳಿ ಅನ್ನದಲ್ಲಿ ಮತ್ತೆ ಸುತ್ತಿದರೆ ಐದೆಸಳಿನ ಹೂ. ಸುತ್ತುವಾಗ ಕಾಣುವುದು ಬರೀ ಗುಡ್ಡೆ. ಕೊಯ್ದ ಮೇಲೆಯೇ ರಂಗೋಲಿ.

ಉಳಿದರೆ? ಫ್ರಿಜ್ಜಿಗೆ ಇಡಬೇಡಿ. ಬೆಂದ ಪಿಷ್ಟ ತನ್ನೊಳಗಿನ ನೀರನ್ನು ಬಿಟ್ಟುಕೊಟ್ಟು ಬಿರುಸಾಗುವುದು ಅತಿ ಬೇಗ ನಡೆಯುವುದು ಆ ತಂಪಿನಲ್ಲೇ. ನಿನ್ನೆಯ ಅನ್ನ ಫ್ರಿಜ್ಜಿನಲ್ಲಿ ಮರಳಿನಂತಾಗುವುದು ಅದಕ್ಕೇ. ಸಕ್ಕರೆ ಒಂದಿಷ್ಟು ತಡೆಯುತ್ತದೆ, ಪೂರ್ತಿ ಅಲ್ಲ. ಒದ್ದೆ ಬಟ್ಟೆ ಸುತ್ತಿ ತಂಪು ಜಾಗದಲ್ಲಿಟ್ಟು ಅಂದೇ ಮುಗಿಸಿ. ಏಪ್ರಿಲ್ ಬಿಸಿಲಿನ ದಿನವಾದರೆ, ಮೊಟ್ಟೆ, ಸಿಗಡಿ ಇಟ್ಟಿದ್ದರೆ, ನಾಲ್ಕು ಗಂಟೆಗಿಂತ ಹೆಚ್ಚು ಇಡುವ ಧೈರ್ಯ ಬೇಡ.

ಎಂಟು ತುಂಡಿನಲ್ಲಿ ತಟ್ಟೆಗೆ ಹೋಗುವುದು ಆರು. ಎರಡು ತುದಿಗಳಲ್ಲಿ ಹೂರಣ ಗಡ್ಡದಂತೆ ಹೊರಚಾಚಿ, ಅನ್ನ ಕಡಿಮೆಯಾಗಿ, ನೋಟಕ್ಕೆ ಚೆಂದವಿರುವುದಿಲ್ಲ. ಜಪಾನಿನ ಮನೆಗಳಲ್ಲಿ ಅವು ಮಾಡಿದವರಿಗೆ, ಇಲ್ಲವೇ ಅಡುಗೆಮನೆಯಲ್ಲಿ ಸುಳಿಯುತ್ತಿರುವ ಮಕ್ಕಳಿಗೆ. ನಮ್ಮ ಮನೆಯಲ್ಲಿ ಒಂದನ್ನು ಅಮ್ಮ ಎತ್ತಿಕೊಂಡು, ಕಂಪ್ಯೊವನ್ನು ಎಳೆದು ನೋಡಿ, “ಇಷ್ಟೆಲ್ಲ ಮಾಡಿ ಸೋರೆಕಾಯಿ ತಿನ್ನಿಸಿದೆಯಲ್ಲೋ” ಅಂದರು. ಆಮೇಲೆ ಇನ್ನೊಂದು ತುದಿಯೂ ತಟ್ಟೆಯಲ್ಲಿರಲಿಲ್ಲ.